ಎಕ್ಸ್‌ಪೈರಿ ಡೇಟ್ ಇನ್ನೂ ಮುಗಿಯದಿದ್ದರೂ ಕ್ರೀಮ್ ಕೆಟ್ಟಿರಬಹುದಾ?

ಹೌದು, ಕೆಟ್ಟಿರಬಹುದು. ಪ್ಯಾಕ್ ಮೇಲಿನ ತಾರೀಕು ಸೀಲ್ ಒಡೆಯದ ಡಬ್ಬಿಯ ಲೆಕ್ಕ. ತೆರೆದ ಮೇಲೆ ಬೇರೆ ಲೆಕ್ಕ ಶುರುವಾಗುತ್ತದೆ. ಹಿಂಬದಿಯಲ್ಲಿ ಮುಚ್ಚಳ ತೆಗೆದ ಡಬ್ಬಿಯ ಪುಟ್ಟ ಚಿತ್ರ ಹುಡುಕಿ. ಅದರಲ್ಲಿ ‘12ಎಂ’ ಎಂದಿದ್ದರೆ, ತೆರೆದ ದಿನದಿಂದ 12 ತಿಂಗಳು ಬಳಸಬಹುದು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆ.

ಯಾಕೆಂದರೆ, ಪ್ರತಿ ಸಲ ಬೆರಳು ಅದ್ದಿದಾಗ ಸೂಕ್ಷ್ಮಾಣುಗಳು ಒಳಗೆ ಹೋಗುತ್ತವೆ. ಅವನ್ನು ತಡೆಯಲು ಹಾಕಿರುವ ಪ್ರಿಸರ್ವೇಟಿವ್, ಅಂದರೆ ಕ್ರೀಮ್ ಕೆಡದಂತೆ ಕಾಯುವ ವಸ್ತು, ನಿಧಾನಕ್ಕೆ ಸೋಲುತ್ತದೆ. ಗಾಳಿ, ಬೆಳಕು, ಶಾಖ ತಗುಲಿದರೆ ಇನ್ನೂ ಬೇಗ ಹಾಳಾಗುತ್ತದೆ. ನಮ್ಮ ಕೋಲಾರದ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲೇ ಸನ್‌ಸ್ಕ್ರೀನ್ ಇಡುವವರಿದ್ದಾರೆ. ದಯವಿಟ್ಟು ಬೇಡ. ಅದರ ಶಕ್ತಿ ಕುಗ್ಗಿದರೂ ನೋಡಲು ಹಾಗೇ ಇರಬಹುದು, ಚರ್ಮ ಸುಟ್ಟ ಮೇಲೇ ಗೊತ್ತಾಗೋದು. ಹಾಗಾಗಿ ಸನ್‌ಸ್ಕ್ರೀನ್ ವಿಷಯದಲ್ಲಿ ತಾರೀಕು ದಾಟಿದರೆ ಯೋಚಿಸಲೇಬೇಡಿ, ಎಸೆಯಿರಿ.

ಬೇರೆ ಕ್ರೀಮ್‌ಗಳು ಸಾಮಾನ್ಯವಾಗಿ ಸುಳಿವು ಕೊಡುತ್ತವೆ: ಹುಳಿ ಅಥವಾ ಕಮಟು ವಾಸನೆ, ನೀರು ಎಣ್ಣೆ ಬೇರೆಯಾಗುವುದು. ವಿಟಮಿನ್ ಸಿ ಸೀರಮ್ ಆದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ದುಡ್ಡು ಕೊಟ್ಟಿದ್ದೀವಲ್ಲ ಅಂತ ಸುಮ್ನೆ ಹಚ್ಚಬೇಡಿ, ಉರಿ, ಗುಳ್ಳೆ ಬರಬಹುದು. ಹೊಸದನ್ನು ತೆರೆದ ದಿನವೇ ತಳದಲ್ಲಿ ಮಾರ್ಕರ್‌ನಿಂದ ತಾರೀಕು ಬರೆದಿಡಿ.