ಮೊದಲು ಪುಲ್ಲಿ ಅಳೆಯಿರಿ, ಆಮೇಲೆ ತಿರುಗಿಸಿ

ಪ್ರಶ್ನೆ: ಕಲಬುರಗಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷ ಓದುತ್ತಿದ್ದೇನೆ. ಅಪ್ಪ ದಾಲ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನ ಯಂತ್ರ ಓಡುವುದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ, ಅನಿಮೇಷನ್‌ನಲ್ಲಿ ತೋರಿಸುವ ಆಸೆ. ಕೋಚಿಂಗ್ ಸೆಂಟರಿನವರು ತುಂಬಾ ಫೀಸ್ ಕೇಳುತ್ತಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಲಿಯಲು ಈ ಲ್ಯಾಪ್‌ಟಾಪ್ ಸಾಕು. ಸಾಫ್ಟ್‌ವೇರಿಗೂ ದುಡ್ಡು ಬೇಕಿಲ್ಲ. ಮಾಡೆಲಿಂಗ್‌ಗೆ ಫ್ರೀಕ್ಯಾಡ್, ಅನಿಮೇಷನ್‌ಗೆ ಬ್ಲೆಂಡರ್. ಎರಡೂ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ.

ಆದರೆ ಅನಿಮೇಷನ್ ಈಗಲೇ ಬೇಡ. ಯಂತ್ರ ನಿಂತಿರುವಾಗ ಅಪ್ಪನ ಜೊತೆ ಹೋಗಿ ಮೋಟರಿನ ಪುಲ್ಲಿ, ಯಂತ್ರದ ಪುಲ್ಲಿ, ನಡುವಿನ ಬೆಲ್ಟ್ ಇಷ್ಟನ್ನೇ ಅಳೆದುಕೊಳ್ಳಿ. ಇಡೀ ಯಂತ್ರಕ್ಕೆ ಕೈ ಹಾಕಬೇಡಿ. ಪುಲ್ಲಿಯನ್ನು ಉದ್ದಕ್ಕೆ ಸೀಳಿದರೆ ಕಾಣುವ ಆಕಾರದ ಅರ್ಧವನ್ನು ಸ್ಕೆಚ್ ಮಾಡಿ, ಶಾಫ್ಟಿನ ಮಧ್ಯರೇಖೆಯ ಸುತ್ತ ರಿವಾಲ್ವ್ ಕೊಡಿ, ಅಂದರೆ ಆ ಆಕಾರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಗಟ್ಟಿ ವಸ್ತುವಾಗಿಸಿ. ಪುಲ್ಲಿ ಬಂತು. ಬೀದರಿನ ಬಿದರಿ ಹೂಜಿಯ ದುಂಡು ಮೈಯೂ ಇದೇ ರಿವಾಲ್ವ್‌ನಿಂದ ಬರುತ್ತದೆ, ಅಭ್ಯಾಸಕ್ಕೆ ಒಳ್ಳೆಯದು.

ಸ್ಕೆಚ್‌ನ ಪ್ರತಿ ಗೆರೆಗೂ ಅಳತೆ ಅಥವಾ ಕನ್ಸ್‌ಟ್ರೇಂಟ್ (ಗೆರೆ ನೆಟ್ಟಗಿರಲಿ, ಸಮಾಂತರವಾಗಿರಲಿ ಎಂಬಂಥ ಕಟ್ಟುಪಾಡು) ಇರಲಿ. ಎಲ್ಲವೂ ಬಿಗಿಯಾದಾಗ ಫ್ರೀಕ್ಯಾಡ್‌ನಲ್ಲಿ ಸ್ಕೆಚ್ ಹಸಿರಾಗುತ್ತದೆ. ಹಸಿರಾಗುವವರೆಗೆ ಮುಂದೆ ಹೋಗಬೇಡಿ. ನಾಳೆ ಕಂಪನಿಯಲ್ಲಿ ಸಾಲಿಡ್‌ವರ್ಕ್ಸ್ ಎಂಬ ದುಡ್ಡಿನ ಮಾಡೆಲಿಂಗ್ ಸಾಫ್ಟ್‌ವೇರ್ ಕೊಟ್ಟರೂ ಈ ಅಭ್ಯಾಸ ಹಾಗೇ ಕೈಹಿಡಿಯುತ್ತದೆ.

ಬಿಡಿಭಾಗಗಳನ್ನು ಬ್ಲೆಂಡರಿಗೆ ಎಸ್‌ಟಿಎಲ್ (ಆಕಾರವನ್ನಷ್ಟೇ ಹೊತ್ತೊಯ್ಯುವ) ಫೈಲಾಗಿ ಒಯ್ಯುವಾಗ ಒಂದೊಂದನ್ನೂ ಬೇರೆ ಬೇರೆ ಕಳಿಸಿ. ಆ ಫೈಲಿನಲ್ಲಿ ಮಿಲಿಮೀಟರೋ ಮೀಟರೋ ಅನ್ನುವ ಮಾಹಿತಿ ಇರುವುದಿಲ್ಲ. ಬ್ಲೆಂಡರ್ ಅದನ್ನು ಮೀಟರ್ ಅಂತಲೇ ಓದುವುದರಿಂದ, ಒಳಗೆ ತರುವಾಗ ಸ್ಕೇಲ್ 0.001 ಕೊಡದಿದ್ದರೆ 100 ಮಿಲಿಮೀಟರಿನ ಪುಲ್ಲಿ 100 ಮೀಟರ್ ಆಗಿ ನಿಲ್ಲುತ್ತದೆ. ಪುಲ್ಲಿಯ ಆರಿಜಿನ್ (ಅದು ತಿರುಗುವ ಕೇಂದ್ರಬಿಂದು) ಶಾಫ್ಟಿನ ನಡುವೆಯೇ ಇರಬೇಕು, ಇಲ್ಲದಿದ್ದರೆ ತಿರುಗುವಾಗ ಓಲಾಡುತ್ತದೆ.

ಇನ್ನು ವೇಗ. ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ. ಮೋಟರಿನ ವೇಗ ನಿಮಿಷಕ್ಕೆ 1440 ಸುತ್ತು ಅಂದುಕೊಳ್ಳಿ. ಅದರ ಪುಲ್ಲಿ 4 ಇಂಚು, ಯಂತ್ರದ್ದು 12 ಇಂಚು ಇದ್ದರೆ ಯಂತ್ರದ ಕಡೆ 480 ಸುತ್ತು ಸಿಗುತ್ತದೆ. ಇದನ್ನೇ ಹಾಗೇ ಅನಿಮೇಷನ್‌ಗೆ ಹಾಕಿದರೆ ಏನಾಗುತ್ತದೆ? 1440 ಅಂದರೆ ಸೆಕೆಂಡಿಗೆ 24 ಸುತ್ತು. ವಿಡಿಯೊ ಕೂಡ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇದ್ದರೆ ಪ್ರತಿ ಫ್ರೇಮಿಗೂ ಪುಲ್ಲಿ ಪೂರ್ತಿ ಒಂದು ಸುತ್ತು ಹಾಕಿ ಮೊದಲಿನ ಜಾಗಕ್ಕೇ ಬರುತ್ತದೆ. ನೋಡುವವರಿಗೆ ಅದು ನಿಂತ ಹಾಗೆ ಕಾಣುತ್ತದೆ! ಹಾಗಾಗಿ ನಿಧಾನಕ್ಕೆ ತಿರುಗಿಸಿ, ನಿಜವಾದ ವೇಗವನ್ನು ಪಕ್ಕದಲ್ಲಿ ಬರೆದು ತೋರಿಸಿ. ದೊಡ್ಡದು 360 ಡಿಗ್ರಿ ತಿರುಗುವಷ್ಟರಲ್ಲಿ ಚಿಕ್ಕದು 1080 ಡಿಗ್ರಿ ತಿರುಗಬೇಕು. ಆ ಲೆಕ್ಕ ಮಾತ್ರ ತಪ್ಪಬಾರದು. ಕೀಫ್ರೇಮ್ (ಚಲನೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗುರುತಿಸುವ ಫ್ರೇಮ್) ಹಾಕಿದ ಮೇಲೆ ಇಂಟರ್‌ಪೊಲೇಷನ್ (ಅವುಗಳ ನಡುವಿನ ಚಲನೆಯ ರೀತಿ) ಅನ್ನು ಲೀನಿಯರ್, ಅಂದರೆ ಒಂದೇ ವೇಗದ್ದು, ಮಾಡಿ. ಬ್ಲೆಂಡರ್ ತಾನಾಗಿ ಕೊಡುವ ಬೆಜಿಯರ್‌ನಲ್ಲಿ ಚಲನೆ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುತ್ತದೆ, ಒಂದೇ ಸಮ ಓಡುವ ಮಿಲ್ಲಿಗೆ ಅದು ಹೊಂದುವುದಿಲ್ಲ.

10 ಸೆಕೆಂಡಿಗೆ 240 ಫ್ರೇಮ್ ಬೇಕು. ಒಂದಕ್ಕೆ 2 ನಿಮಿಷ ಹಿಡಿದರೂ ರೆಂಡರ್‌ಗೆ, ಅಂದರೆ ಎಲ್ಲ ಫ್ರೇಮ್‌ಗಳನ್ನು ಚಿತ್ರವಾಗಿ ತಯಾರಿಸಲು, 8 ಗಂಟೆ. ನೇರ ವಿಡಿಯೊ ಮಾಡದೆ ಪಿಎನ್‌ಜಿ ಚಿತ್ರಗಳಾಗಿ ಉಳಿಸಿ, ಆಮೇಲೆ ಜೋಡಿಸಿ. ಮಧ್ಯೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೂ ಮುಗಿದ ಫ್ರೇಮ್‌ಗಳು ಉಳಿದಿರುತ್ತವೆ.

ಫೀಸಿನ ಮಾತಿಗೆ ಬಂದರೆ, ಇಷ್ಟನ್ನು ನೀವೇ ಮಾಡಿ ನೋಡುವವರೆಗೆ ಕಟ್ಟಬೇಡಿ. ಆಮೇಲೂ ಸೇರಬೇಕು ಅನ್ನಿಸಿದರೆ ಅಲ್ಲಿನ ಹಳೆಯ ವಿದ್ಯಾರ್ಥಿಯ ಮಾಡೆಲ್ ಒಂದನ್ನು ತೆರೆದು ತೋರಿಸಿ ಅನ್ನಿ. ಸ್ಕೆಚ್‌ನಲ್ಲಿ ಒಂದು ಅಳತೆ ಬದಲಿಸಿ. ಮಾಡೆಲ್ ಒಡೆಯದೆ ಅದಕ್ಕೆ ತಕ್ಕಂತೆ ಬದಲಾದರೆ ಅಲ್ಲಿ ಕಲಿಸುವವರಿದ್ದಾರೆ ಅಂತ ನಂಬಬಹುದು.