ಪ್ರತಿಕ್ರಿಯೆ: ವಸ್ತು ಹಿಡಿದು ನಿಂತ ಭಾವಚಿತ್ರಗಳ ಬಗ್ಗೆ

ಜನರನ್ನು ಅವರ ಇಷ್ಟದ ವಸ್ತುವಿನೊಂದಿಗೆ ನಿಲ್ಲಿಸಿ ತೆಗೆದ ಫೋಟೊಗಳೆಲ್ಲ ಜಾಹೀರಾತಿನಂತೆ ಕಾಣುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ವಸ್ತುವನ್ನು ತೋರಿಸಲು ಹೇಳಬೇಡಿ, ಬಳಸಲು ಹೇಳಿ. ಕನ್ನಡಕ ಒರೆಸುವಾಗ, ಹಳೆಯ ಕತ್ತರಿಯಲ್ಲಿ ಬಟ್ಟೆ ಕತ್ತರಿಸುವಾಗ ಕೈಗಳು ಕ್ಯಾಮೆರಾವನ್ನು ಮರೆತುಬಿಡುತ್ತವೆ. ನನ್ನ ಮಟ್ಟಿಗೆ ಸಂಬಂಧ ಕಾಣುವುದೇ ಸವೆತದಲ್ಲಿ: ಬೆರಳು ತಾಗಿ ಹೊಳೆಯುವ ಹಿಡಿಕೆ, ಮತ್ತೆ ಹೊಲಿದ ಚೀಲದ ಪಟ್ಟಿ, ಟೇಪು ಸುತ್ತಿದ ಕುರ್ಚಿಯ ಕಾಲು. ಅದು ಎದ್ದು ಕಾಣಲು ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕು ಬೇಕು. ನೇರ ಫ್ಲ್ಯಾಶ್ ಗೀರುಗಳನ್ನೆಲ್ಲ ಅಳಿಸಿಬಿಡುತ್ತದೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ, ಎಫ್ 1.8ರಷ್ಟು ಅಗಲ ಬೇಡ; ಮುಖ, ವಸ್ತು ಎರಡೂ ಸ್ಪಷ್ಟವಾಗಿ ಕಾಣಲು ಅದನ್ನು ಕಿರಿದಾಗಿಸಿ 5.6ರ ಸುಮಾರಿಗೆ ಇಟ್ಟು ನೋಡಿ.

ವ್ಯಕ್ತಿ ಚೌಕಟ್ಟಿನಲ್ಲಿ ಇರಲೇಬೇಕೆಂದೂ ಇಲ್ಲ. ಜಪಾನಿನ ಛಾಯಾಗ್ರಾಹಕಿ ಇಶಿಯುಚಿ ಮಿಯಾಕೊ, 2000ರಲ್ಲಿ ತೀರಿಕೊಂಡ ತಾಯಿಯ ಲಿಪ್‌ಸ್ಟಿಕ್, ಒಳ ಉಡುಪುಗಳ ಚಿತ್ರ ತೆಗೆದರು; 2005ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಜಪಾನಿನ ಪರವಾಗಿ ಪ್ರದರ್ಶನಗೊಂಡದ್ದು ಅವೇ. ಬಳಸಿ ಮುಗಿಯುತ್ತಾ ಬಂದ ಲಿಪ್‌ಸ್ಟಿಕ್ಕಿನ ಆಕಾರ ನೋಡಿದರೆ ಅದನ್ನು ಹಚ್ಚಿಕೊಂಡ ಕೈ ಕಣ್ಣಿಗೆ ಕಟ್ಟುತ್ತದೆ. ಅವನ್ನು ಒಮ್ಮೆ ಖಂಡಿತ ನೋಡಿ.

ಇನ್ನೊಂದು, ವಸ್ತುವನ್ನು ಅವರೇ ಆರಿಸಲಿ, ನಿಮಗೆ ಚೆಂದ ಕಂಡದ್ದಲ್ಲ. ಶಟರ್ ಒತ್ತುವ ಮೊದಲು ‘ಇದನ್ನು ಇನ್ನೂ ಯಾಕೆ ಎಸೆದಿಲ್ಲ?’ ಎಂದು ಕೇಳಿ. ಬಂದ ಉತ್ತರವನ್ನು ತಿದ್ದದೆ, ಅವರ ಮಾತಿನಲ್ಲೇ ಚಿತ್ರದ ಕೆಳಗೆ ಹಾಕಿ.