ಕರೆಂಟಿಲ್ಲದ ಕೊಟ್ಟಿಗೆಗೆ ದೀಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೊಟ್ಟಿಗೆ ತೋಟದ ಅಂಚಿನಲ್ಲಿದೆ, ಅಲ್ಲಿಗೆ ಕರೆಂಟ್ ಎಳೆಸುವುದು ಆಗದ ಮಾತು. ಎರಡು ಹೊತ್ತು ಹಾಲು ಕರೆಯಲು ನಾಲ್ಕು ಸೋಲಾರ್ ಬಲ್ಬ್ ಬೇಕು. ಅಂಗಡಿಯವರು 40 ವಾಟ್ ಪ್ಯಾನೆಲ್ ಸಾಕು ಎನ್ನುತ್ತಾರೆ. ನಿಜವೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಫೆಬ್ರವರಿಗೆ ಸಾಕು, ಜುಲೈಗೆ ಸಾಲದು. ಮಲೆನಾಡಿನಲ್ಲಿ ಲೆಕ್ಕ ಹಾಕಬೇಕಾದದ್ದು ಮಳೆಗಾಲಕ್ಕೆ.

ಹಾಲು ಕರೆಯುವಲ್ಲಿ 7 ವಾಟಿನ ಎರಡು, ಹುಲ್ಲಿನ ಅಟ್ಟದ ಕೆಳಗೆ ಮತ್ತು ಬಾಗಿಲಲ್ಲಿ 5 ವಾಟಿನ ಒಂದೊಂದು 12 ವೋಲ್ಟ್ ಡಿಸಿ ಎಲ್‌ಇಡಿ ಹಾಕಿದರೆ ಒಟ್ಟು 24 ವಾಟ್. ದಿನಕ್ಕೆ ನಾಲ್ಕೂವರೆ ಗಂಟೆ ಉರಿದರೆ ಸುಮಾರು 110 ವಾಟ್-ಅವರ್. ಮೋಡದ ದಿನ ಎರಡು ಗಂಟೆಯ ಬಿಸಿಲಿನಷ್ಟು ಸಿಕ್ಕರೆ ಪುಣ್ಯ; ಅದರಲ್ಲೂ ಮೂರರಲ್ಲೊಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ 100 ವಾಟ್ ಪ್ಯಾನೆಲ್ ಹಾಕಿ. ಬ್ಯಾಟರಿ ಮೂರು ದಿನ ತಡೆಯಬೇಕು: ಲಿಥಿಯಂ ಐರನ್ ಫಾಸ್ಫೇಟ್ ಆದರೆ 12.8 ವೋಲ್ಟ್, 30 ಎಎಚ್ (ಆಂಪಿಯರ್-ಅವರ್). ಆಸಿಡ್ ಬ್ಯಾಟರಿಯಾದರೆ 60 ಎಎಚ್. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಬೇಗ ಸಾಯುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ 10 ಆಂಪಿಯರಿನದ್ದು ಸಾಕು, ಆದರೆ ಅದರಲ್ಲಿ ನಿಮ್ಮ ಬ್ಯಾಟರಿಯ ಜಾತಿಯನ್ನು ಸರಿಯಾಗಿ ಸೆಟ್ ಮಾಡಿ.

ಪ್ಯಾನೆಲ್ 12 ವೋಲ್ಟ್ ಬ್ಯಾಟರಿಗೆ ಹೊಂದುವ 36 ಸೆಲ್‌ನದ್ದೇ ಇರಲಿ. ಅಗ್ಗಕ್ಕೆ ಸಿಕ್ಕಿತೆಂದು 330 ವಾಟಿನ 24 ವೋಲ್ಟ್ ಪ್ಯಾನೆಲ್ಲನ್ನು ಸಾಧಾರಣ ಪಿಡಬ್ಲ್ಯೂಎಂ ಕಂಟ್ರೋಲರಿಗೆ (ಹೆಚ್ಚುವರಿ ವೋಲ್ಟನ್ನು ಬಳಸಿಕೊಳ್ಳಲಾರದ ಬಗೆ) ಸಿಕ್ಕಿಸಿದರೆ ಮೂರನೇ ಒಂದು ಪಾಲು ಕೆಲಸವಷ್ಟೇ ಆಗುತ್ತದೆ. ಮುಖ ದಕ್ಷಿಣಕ್ಕೆ, ವಾಲಿಕೆ 15 ಡಿಗ್ರಿ. ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದೇ ಒಂದು ಅಡಿಕೆ ಸೋಗೆಯ ನೆರಳು ಬಿದ್ದರೂ ಅರ್ಧ ಪ್ಯಾನೆಲ್ ಮಲಗುತ್ತದೆ. ಕೊಟ್ಟಿಗೆ ಮಾಡಿಗೆ ನೆರಳಿದ್ದರೆ ಬಯಲಲ್ಲಿ ಕಂಬ ನೆಟ್ಟು ಕೂರಿಸಿ.

ಹೆಚ್ಚಿನವರು ಎಡವುವುದು ವೈರಿನಲ್ಲಿ. ನಾಲ್ಕೂ ಬಲ್ಬಿಗೆ ಸೇರಿ 2 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯಿಂದ 20 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 40 ಮೀಟರ್. 1 ಚದರ ಮಿ.ಮೀ. ತಾಮ್ರದಲ್ಲಿ ಒಂದೂವರೆ ವೋಲ್ಟ್ ನಷ್ಟ, 2.5ರಲ್ಲಿ ಅರ್ಧ ವೋಲ್ಟ್ ಚಿಲ್ಲರೆ. 2.5 ಹಾಕಿ, ಪೈಪಿನೊಳಗೆ ಎಳೆಯಿರಿ. ಇಲಿ ಕಡಿದ ವೈರ್ ಒಣಹುಲ್ಲಿನ ಪಕ್ಕದಲ್ಲಿರಬಾರದು. ಬ್ಯಾಟರಿಯ ಪಾಸಿಟಿವ್‌ನಿಂದ ಗೇಣಿನೊಳಗೇ 10 ಆಂಪಿಯರ್ ಫ್ಯೂಸ್ ಕಡ್ಡಾಯ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಬಲ್ಬ್. ಬಿಚ್ಚುವಾಗ ತಿರುಗಾಮುರುಗಾ. ಗಂಜಲದ ಘಾಟಿಗೆ ತಾಮ್ರ ಹಸಿರು ಹಿಡಿಯುವುದರಿಂದ ಬ್ಯಾಟರಿ, ಕಂಟ್ರೋಲರ್ ಎರಡನ್ನೂ ಗಾಳಿಯಾಡುವ ಬೇರೆ ಮೂಲೆಯಲ್ಲಿಡಿ. ಬಲ್ಬ್ ಧೂಳು, ನೀರು ಒಳಹೋಗದ ಐಪಿ65 ಗುರುತಿನದ್ದಿರಲಿ. ಅದನ್ನು ಗೋದಲಿಯ ಮೇಲಲ್ಲ, ದನದ ಹಿಂಬದಿಗೆ ಏಳಡಿ ಎತ್ತರದಲ್ಲಿ ಹಾಕಿ. ಇಲ್ಲದಿದ್ದರೆ ಕೆಚ್ಚಲ ಮೇಲೆ ದನದ್ದೇ ನೆರಳು.

ಪ್ರಶ್ನೆ: ಮೂರು ವರ್ಷದ ಆಸಿಡ್ ಬ್ಯಾಟರಿ ಮಧ್ಯಾಹ್ನ ಫುಲ್ ತೋರಿಸುತ್ತದೆ, ಸಂಜೆ ಒಂದೇ ಗಂಟೆಗೆ ದೀಪ ಮಂಕು.
– ಓದುಗರು, ಕೊಪ್ಪ

ಉತ್ತರ: ಪ್ಯಾನೆಲ್ ಬಿಚ್ಚಿ ಎರಡು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. ಚಾರ್ಜ್ ಆಗುತ್ತಿರುವಾಗಿನ ಅಂಕಿ ನಂಬಬೇಡಿ. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಈಗ ಎಲ್ಲ ಬಲ್ಬ್ ಹಾಕಿ, ಬ್ಯಾಟರಿಯ ತುದಿಯಲ್ಲೂ ಬಲ್ಬಿನ ತುದಿಯಲ್ಲೂ ಅಳೆಯಿರಿ. ಬ್ಯಾಟರಿಯೇ ಸರ್ರನೆ 11.5ಕ್ಕೆ ಇಳಿದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಪದರ ಕಟ್ಟಿದೆ. ಮಳೆಗಾಲವಿಡೀ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪಾಡು ಇದೇ, ಬದಲಿಸಿ. ಬ್ಯಾಟರಿಯಲ್ಲಿ 12.5 ಇದ್ದು ಬಲ್ಬಿಗೆ 11 ಮಾತ್ರ ಮುಟ್ಟುತ್ತಿದ್ದರೆ ಜಾಯಿಂಟ್ ಅಥವಾ ಟರ್ಮಿನಲ್ ಕೆಟ್ಟಿದೆ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿದು, ವ್ಯಾಸಲಿನ್ ಹಚ್ಚಿ. ತೊಳೆಯುವಾಗ ಆ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ.

ಪ್ರಶ್ನೆ: ಇನ್ವರ್ಟರ್ ಇಟ್ಟು ಮಾಮೂಲಿ 230 ವೋಲ್ಟ್ ಬಲ್ಬನ್ನೇ ಹಾಕಬಹುದಲ್ಲ?
– ಓದುಗರು, ಸಾಗರ

ಉತ್ತರ: ಹಾಕಬಹುದು, ದಂಡ. ಸುಮ್ಮನೆ ಆನ್ ಆಗಿದ್ದರೇ ಇನ್ವರ್ಟರ್ 10 ವಾಟ್ ಕುಡಿಯುತ್ತದೆ. ಹಗಲೂ ರಾತ್ರಿ ಆರಿಸದೆ ಬಿಟ್ಟರೆ 240 ವಾಟ್-ಅವರ್, ಮೇಲೆ ಹೇಳಿದ ನಾಲ್ಕು ಬಲ್ಬಿನ ಎರಡು ದಿನದ ಖರ್ಚು. ಮೇವು ಕತ್ತರಿಸುವ ಯಂತ್ರ ಓಡಿಸುವ ಯೋಚನೆಯಿದ್ದರೆ ಅದರ ಲೆಕ್ಕವೇ ಬೇರೆ.